ದಾರಿ ಕೇಳುವ ಇಂಗ್ಲಿಷ್

ಸವಣೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಲ್ಲಿಕಾಳ ಗಂಡನ ಬೀಜ-ಗೊಬ್ಬರದ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ ಅವಳು ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಮಾತಾಡುವುದನ್ನು ಕಲಿಸುತ್ತಿದ್ದಳು. ತವರು ಹಾನಗಲ್. ಬಿ.ಎ. ಓದಿದವಳು, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಸುಮ್ಮನೆ ಕೂಡಲಾರದೆ ಈ ಕೆಲಸ ಹಿಡಿದಿದ್ದಳು. ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಬರುವ ಹೆಂಗಸರೇ ಹೆಚ್ಚು. ಒಬ್ಬಳಿಗೆ ಮಗಳ ಶಾಲೆಯವರೊಡನೆ ಮಾತಾಡಬೇಕು, ಇನ್ನೊಬ್ಬಳಿಗೆ ಬ್ಯಾಂಕಿನಲ್ಲಿ.

ಅಖ್ತರುನ್ನೀಸಾ ಬಂದ ಕಾರಣ ಬೇರೆ. ಐವತ್ತು ದಾಟಿದ ಹೆಂಗಸು, ಗಂಡ ಬಂದೇಸಾಬನದು ವೀಳ್ಯದೆಲೆ ವ್ಯಾಪಾರ. ಅವನ ಬಲಗಣ್ಣಿಗೆ ಚೆನ್ನೈಯಲ್ಲಿ ಆಪರೇಷನ್ ಆಗಬೇಕಿತ್ತು.

“ಮುಂಬೈ, ಹೈದರಾಬಾದ್ ಆಗಿದ್ರ ನಮ್ಮ ಉರ್ದುದಾಗ ಹೆಂಗರ ಮಾಡಿ ತಿರಗತಿದ್ದೆ ಟೀಚರ್. ಅಲ್ಲಿ ಅದೂ ನಡಿಯಂಗಿಲ್ಲಂತ. ದಾರಿ ಕೇಳೂವಷ್ಟರ ಹೇಳಿಕೊಡ್ರಿ.”

ಮಲ್ಲಿಕಾ ಹೇಳಿಕೊಟ್ಟಳು. ಎಕ್ಸ್‌ಕ್ಯೂಸ್ ಮಿ, ವೇರ್ ಈಸ್ ದಿ ಬಸ್ ಸ್ಟಾಪ್? ಈಸ್ ಇಟ್ ಫಾರ್? ವೇರ್ ಈಸ್ ದಿ ಮೆಡಿಕಲ್ ಶಾಪ್? ಅಖ್ತರುನ್ನೀಸಾ ಅವನ್ನು ಎಲೆ ಕಟ್ಟುತ್ತಲೂ ಬಾಯಿಪಾಠ ಮಾಡಿದಳು. ಒಂದು ದಿನ ಕೇಳಿದಳು, “ಟೀಚರ್, ದಾರಿ ತಪ್ಪಿದ್ರ ಏನ್ ಅನ್ನಬೇಕ್ರಿ?”

ಮಲ್ಲಿಕಾ ನಕ್ಕಳು. “ಇಷ್ಟ ಕಲ್ತ ಮ್ಯಾಲ ದಾರಿ ಯಾಕ ತಪ್ಪತೈತಿ ಆಪಾ? ನಾ ಚೆನ್ನೈದಾಗ ಒಬ್ಬಾಕೇ ತಿರಗಾಡಿ ಬಂದೇನಿ. ಏನೂ ಹೆದರಬ್ಯಾಡ್ರಿ.”

ಅದು ಸುಳ್ಳು. ಮಲ್ಲಿಕಾ ಚೆನ್ನೈಗೆ ಹೋದದ್ದು ಚಿಕ್ಕಪ್ಪನ ಮಗಳ ಮದುವೆಗೆ. ಸ್ಟೇಷನ್ನಿನಿಂದ ಕಾರು, ಕಲ್ಯಾಣ ಮಂಟಪ, ಮತ್ತೆ ಕಾರು. ಅಲ್ಲಿನ ರಸ್ತೆಗೆ ಕಾಲಿಟ್ಟವಳೇ ಅಲ್ಲ. ಟೀಚರ್ ಅನ್ನಿಸಿಕೊಂಡವಳಿಗೆ ಅಷ್ಟಾದರೂ ತಿರುಗಾಡಿದ ಅನುಭವ ಇರಬೇಕೆಂದು ಆ ಹೊತ್ತಿಗೆ ಬಾಯಿಗೆ ಬಂದದ್ದನ್ನು ಅಂದುಬಿಟ್ಟಿದ್ದಳು.

ಗಂಡ-ಹೆಂಡತಿ ಹೋದರು. ಬಹಳ ದಿನ ಸುದ್ದಿಯಿರಲಿಲ್ಲ. ಒಂದು ಮಧ್ಯಾಹ್ನ ಅಖ್ತರುನ್ನೀಸಾ ತಾನೇ ಕೋಣೆಗೆ ಬಂದು, ಎಲ್ಲರ ಎದುರಿಗೆ ಕೂತು ಆದದ್ದನ್ನು ಹೇಳಿದಳು.

ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆಸ್ಪತ್ರೆಯ ಹತ್ತಿರದ ಲಾಡ್ಜಿನಲ್ಲಿ ಇಳಿದಿದ್ದರು. ಕಣ್ಣಿಗೆ ಹಾಕುವ ಔಷಧ ತೀರಿತು. ಇಬ್ಬರಿಗೂ ಇದ್ದದ್ದು ಒಂದೇ ಮೊಬೈಲ್. ಅದನ್ನು ಗಂಡನ ದಿಂಬಿನ ಹತ್ತಿರವೇ ಇಟ್ಟು, ಆಸ್ಪತ್ರೆಯವರು ಔಷಧ ಬರೆದುಕೊಟ್ಟ ಚೀಟಿ ಹಿಡಿದು ಇವಳು ಹೊರಟಳು. ಲಾಡ್ಜಿನ ಹೆಸರನ್ನು ಓದಿಕೊಳ್ಳುವುದು ಹೊಳೆಯಲಿಲ್ಲ. ರಸ್ತೆಯಲ್ಲಿ ಒಬ್ಬ ಹುಡುಗಿಯನ್ನು ನಿಲ್ಲಿಸಿ ಕೇಳಿದಳು: ವೇರ್ ಈಸ್ ದಿ ಮೆಡಿಕಲ್ ಶಾಪ್?

“ಎಷ್ಟ್ ಚಲೋ ಕೇಳಿದೆ ಅಂದ್ರ, ಆಕಿ ನಂಗ ಪೂರಾ ಇಂಗ್ಲಿಷ್ ಬರ್ತೈತಿ ಅಂತ ತಿಳಕೊಂಡ್ಲು. ಬಡಬಡ ಬಡಬಡ ಹೇಳಿದ್ಲು. ನಂಗ ಲೆಫ್ಟ್ ಅನ್ನೋದೊಂದ ಕೇಳಿಸ್ತು. ಲೆಫ್ಟ್ ಹಿಡಿದು ಹೋದೆ. ಮುಂದ ಮತ್ತೊಬ್ಬರನ್ನ ಕೇಳಿದೆ, ಅವ್ರೂ ಹಂಗ. ತಿರುಗಿ ಬರೂ ದಾರೀನೂ ತಪ್ಪಿತು. ಸಂಜಿ ಹೊತ್ತಿಗೆ ಒಂದು ಮಸೀದಿ ಕಾಣಿಸ್ತು. ಅಲ್ಲಿ ಉರ್ದು ಬರೂ ಮುದುಕರೊಬ್ಬರು ಸಿಕ್ಕರು. ಆಸ್ಪತ್ರಿ ಚೀಟಿ ನೋಡಿ ಕರಕೊಂಡ ಬಂದ್ರು.”

ಅಷ್ಟರಲ್ಲಿ ಬಂದೇಸಾಬ ಹೆಂಡತಿ ಬರಲಿಲ್ಲವೆಂದು ಗಾಬರಿಯಾಗಿ, ಕಣ್ಣಿನ ಪಟ್ಟಿಯೊಡನೆ ಎದ್ದು ಬಂದು ಮೆಟ್ಟಿಲ ಮೇಲೆ ಬಿದ್ದಿದ್ದ. ಕಣ್ಣೊಳಗೆ ರಕ್ತ ಇಳಿದಿತ್ತು. ಎರಡನೇ ಸಲ ಆಪರೇಷನ್ ಮಾಡಿದರು. ಈಗ ಆ ಕಣ್ಣಿಗೆ ಬೆಳಕು ಕತ್ತಲೆ ಅಷ್ಟೇ ತಿಳಿಯುತ್ತದೆ.

“ನೀವ್ ಕಲಿಸಿದ್ದು ಸರಿ ಇತ್ತು ಟೀಚರ್. ನನ್ನ ತಲಿಗೇ ಹತ್ತಲಿಲ್ಲ,” ಎಂದು ಅಖ್ತರುನ್ನೀಸಾ ಎದ್ದಳು. “ಇನ್ನ ನಾ ಬರಂಗಿಲ್ರಿ. ಹೇಳಿ ಹೋಗೂಣಂತ ಬಂದಿದ್ದೆ.”

ಮಲ್ಲಿಕಾ ಪ್ರಶ್ನೆ ಕೇಳುವುದನ್ನು ಕಲಿಸಿದ್ದಳು. ಬರುವ ಉತ್ತರ ಹೇಗಿರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಅಂದಿನಿಂದ ಊಟ ಸೇರಲಿಲ್ಲ. ಗಂಡ ನಾಗಪ್ಪ, “ಅವರ ಹಣೇಬರಹಕ್ಕ ನೀ ಏನ್ ಮಾಡ್ತಿ?” ಎಂದ. ಅದನ್ನು ಒಪ್ಪಿಕೊಂಡಿದ್ದರೆ ಸುಲಭವಿತ್ತು. ಆದರೆ ತಾನು ನಕ್ಕದ್ದು ಅವಳಿಗೆ ನೆನಪಿತ್ತು. ಅದರ ಮೇಲೆ ಒಂದು ಸುದ್ದಿಯೂ ಕಿವಿಗೆ ಬಿತ್ತು. ಅಖ್ತರುನ್ನೀಸಾ ಈಗ ಸಂತೆಗೂ ಒಬ್ಬಳೇ ಹೋಗುವುದಿಲ್ಲವಂತೆ.

ಕೊನೆಗೆ ಒಂದು ಬೆಳಿಗ್ಗೆ ಅವರ ಮನೆಗೆ ಹೋದಳು. ಬಂದೇಸಾಬ ಪಡಸಾಲೆಯಲ್ಲಿ ಎಲೆ ಆರಿಸುತ್ತಿದ್ದ. ಒಂದೊಂದನ್ನೂ ಎಡಗಣ್ಣಿನ ಹತ್ತಿರ ಹಿಡಿದು ನೋಡುತ್ತಿದ್ದ.

“ಚಾಚಾ, ನಾ ಚೆನ್ನೈದಾಗ ಎಂದೂ ಒಬ್ಬಾಕಿ ತಿರಗಿಲ್ಲ,” ಎಂದಳು ಮಲ್ಲಿಕಾ, ಕೂಡುವ ಮೊದಲೇ. “ಆಪಾಗ ಸುಳ್ಳ ಹೇಳಿದೆ. ದಾರಿ ತಪ್ಪಿದ್ರ ಏನ್ ಅನ್ನಬೇಕಂತ ಆಕಿ ಕೇಳಿದ್ಲು. ನಾ ಹೇಳಿಕೊಡಲಿಲ್ಲ.”

ಅಖ್ತರುನ್ನೀಸಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಬಂದೇಸಾಬ ಕೈಯಲ್ಲಿದ್ದ ಎಲೆಯನ್ನು ಕೆಳಗಿಟ್ಟ.

“ನೀವು ಧೈರ್ಯ ತುಂಬಿದ್ದಕ್ಕ ಇಕಿ ಹೊರಗ ಬಿದ್ದಳು. ಅದು ಖರೆ. ಸುಳ್ಳ್ಯಾಕ ಹೇಳಲಿ?” ಎಂದ. “ಆದ್ರ ಏಳಬ್ಯಾಡ ಅಂತ ಡಾಕ್ಟರ್ ಅಂದಿದ್ರೂ ಎದ್ದಾಂವ ನಾ. ಎಲ್ಲಾನೂ ನೀವ ಹೊತಗೋಬ್ಯಾಡ್ರಿ.”

ಅವನು ಬೈದಿದ್ದರೆ ಚೆನ್ನಾಗಿರುತ್ತಿತ್ತು ಎನ್ನಿಸಿತು ಮಲ್ಲಿಕಾಗೆ. ತಪಾಸಣೆಗೆ ಮತ್ತೆ ಚೆನ್ನೈಗೆ ಹೋಗಬೇಕೆಂದು ಮಾತಿನ ನಡುವೆ ತಿಳಿಯಿತು. ಅಖ್ತರುನ್ನೀಸಾ ಬರಲೊಲ್ಲೆ ಎನ್ನುತ್ತಿದ್ದಳು. “ನಾ ಬರ್ತೇನಿ, ಆಪಾ,” ಎಂದಳು ಮಲ್ಲಿಕಾ. “ನಿಮ್ಮನ್ನ ಕರಕೊಂಡ ಹೋಗಾಕಲ್ಲ. ನಿಮ್ಮ ಜೋಡಿ.”

ಮೂವರೂ ಹೋದರು. ಬಂದೇಸಾಬನನ್ನು ಆಸ್ಪತ್ರೆಯಲ್ಲಿ ಕೂರಿಸಿ, ಇಬ್ಬರೂ ಔಷಧಕ್ಕೆಂದು ಹೊರಬಿದ್ದರು. ಮಲ್ಲಿಕಾ ಒಬ್ಬನನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಕೇಳಿದಳು. ಆತ ಮೇಲುಸೇತುವೆ, ಸಿಗ್ನಲ್ಲು, ಯಾವುದೋ ಬ್ಯಾಂಕು ಎಂದು ಸರಸರ ಹೇಳಿ ಹೋಗೇಬಿಟ್ಟ. ಅವಳಿಗೆ ಅರ್ಧವೂ ತಿಳಿಯಲಿಲ್ಲ.

“ನಿಮಗೂ ತಿಳೀಲಿಲ್ಲೇನ್ರಿ?” ಎಂದು ಅಖ್ತರುನ್ನೀಸಾ ಮೆಲ್ಲಗೆ ಕೇಳಿದಳು.

“ಇಲ್ಲ ಆಪಾ.”

ಅಖ್ತರುನ್ನೀಸಾ ತಾನೇ ಹೋಗಿ ಹೂ ಮಾರುವವಳ ಮುಂದೆ ನಿಂತು, ಖಾಲಿ ಔಷಧದ ಸೀಸೆ ತೋರಿಸಿ, “ಸ್ಲೋ, ಸ್ಲೋ. ಕೈ ಮಾಡಿ ತೋರಸು ತಾಯಿ” ಎಂದಳು. ಹೂವಿನವಳು ನಕ್ಕು, ಎದ್ದು, ತಿರುವಿನ ತನಕ ಬಂದು ತೋರಿಸಿದಳು.

ಕಣ್ಣು ಇನ್ನು ಸುಧಾರಿಸುವುದಿಲ್ಲವೆಂದು ಡಾಕ್ಟರರು ಆ ದಿನವೇ ಹೇಳಿದರು. ಮೂವರೂ ರೈಲು ಹತ್ತಿ ಊರಿಗೆ ಬಂದರು.

ಮಲ್ಲಿಕಾಳ ತರಗತಿ ಈಗಲೂ ನಡೆಯುತ್ತದೆ. ಒಬ್ಬಳು ದಾರಿ ಕೇಳಿದರೆ ಇನ್ನೊಬ್ಬಳು ಬೇಕೆಂದೇ ಬಡಬಡ ಉತ್ತರಿಸಬೇಕು. ಕೇಳಿದವಳು ತಿಳಿಯುವ ತನಕ ಬಿಡಬಾರದು. ಆ ಉತ್ತರಿಸುವ ಕೆಲಸಕ್ಕೆ ಅಖ್ತರುನ್ನೀಸಾ ಆಗಾಗ ಬರುತ್ತಾಳೆ, ಉರ್ದು ಕನ್ನಡ ಎಲ್ಲ ಬೆರೆಸಿ ಹೊಸಬರನ್ನು ಸುಸ್ತು ಮಾಡುತ್ತಾಳೆ. ಎಲ್ಲರೂ ನಗುವಾಗ ಮಲ್ಲಿಕಾ ಕೂಡ ನಗುತ್ತಾಳೆ. ಆದರೆ ಪೇಟೆಯಲ್ಲಿ ಬಂದೇಸಾಬ ಎದುರಾಗಿ, ಯಾರೆಂದು ತಿಳಿಯಲು ಕತ್ತನ್ನೆಲ್ಲ ತಿರುಗಿಸಿ ನೋಡಿದಾಗ, ಅವಳು ಅವನ ಎಡಗಣ್ಣಿನ ಕಡೆಗೆ ಸರಿದು ನಿಲ್ಲುತ್ತಾಳೆ. “ಆರಾಮ ಅದೀರಿ ಟೀಚರ್?” ಎಂದು ಅವನೇ ಮೊದಲು ಕೇಳುತ್ತಾನೆ.