ಫ್ಯಾನಿಗೆ ಬಗ್ಗದ ಸೆಕೆ

ಈ ಮೆಕ್ಯಾನಿಕ್ಕನ ಕೈಗೆ ಬಂದ ಫ್ಯಾನು ಸತ್ತದ್ದೇ ಇಲ್ಲ. ಆತ ಬೀದಿಯಲ್ಲಿ ಕೆಮ್ಮಿದರೆ ಸಾಕು, ಕೆಟ್ಟು ನಿಂತ ಫ್ಯಾನುಗಳು ಹೆದರಿ ತಿರುಗತೊಡಗುತ್ತವೆ ಎಂದು ಊರೆಲ್ಲ ಹೇಳುತ್ತದೆ. ಊರಿಗೆ ಹಾಗೆ ಹೇಳಿಕೊಟ್ಟವನೂ ಆತನೇ.

ಇಂಥವನು ಎರಡು ತಿಂಗಳಲ್ಲಿ ತನ್ನ ಮನೆಯ ಫ್ಯಾನನ್ನೇ ಮೂರು ಸಲ ಬಿಚ್ಚಿದ. ಕೆಪಾಸಿಟರ್ ಹೊಸದು ಹಾಕಿದ, ಬೇರಿಂಗ್ ಬದಲಾಯಿಸಿದ, ರೆಕ್ಕೆಗಳನ್ನು ಒಂದೊಂದಾಗಿ ತೂಗಿ ನೋಡಿದ. ಆದರೂ ಇದ್ದಕ್ಕಿದ್ದಂತೆ ಎದೆಯಿಂದ ಬೆಂಕಿ ಎದ್ದು ಮುಖಕ್ಕೇರುತ್ತಿತ್ತು. ಬನಿಯನ್ ಹಿಂಡಿದರೆ ಕೊಡ ತುಂಬುವಷ್ಟು ನೀರು. ಐದು ನಿಮಿಷ ಕಳೆದರೆ ಚಳಿ.

ಇದಕ್ಕೆ ಸ್ವಲ್ಪ ಮೊದಲು ಆತನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಗಡ್ಡೆ ಕಂಡು ಡಾಕ್ಟರಮ್ಮ ಮೂರು ತಿಂಗಳಿಗೊಂದರಂತೆ ಇಂಜೆಕ್ಷನ್ ಶುರು ಮಾಡಿದ್ದರು. ಗಂಡಸಿನ ಹಾರ್ಮೋನೇ ಗಡ್ಡೆಗೆ ಊಟ, ಅದನ್ನು ನಿಲ್ಲಿಸಬೇಕು ಎಂಬಲ್ಲಿಯವರೆಗೆ ಆತನಿಗೆ ತಿಳಿಯಿತು. ಆದರೆ ಆ ಇಂಜೆಕ್ಷನ್ ಮೊದಲು ಹಾರ್ಮೋನನ್ನು ಏರಿಸುತ್ತದಂತೆ; ಆ ಕೆಲವು ವಾರ ಗಡ್ಡೆಗೆ ಅದು ದಕ್ಕದಂತೆ ತಡೆಯಲು ಬೇರೆ ಮಾತ್ರೆಯಂತೆ. ಮಿದುಳು ಆಗಾಗ ಕರೆಗಂಟೆ ಒತ್ತುತ್ತದೆ, ಅದರ ಕೆಳಗಿರುವ ಪುಟ್ಟ ಗ್ರಂಥಿ ಓಗೊಟ್ಟು ವೃಷಣಗಳಿಗೆ ಕೆಲಸ ಹೇಳುತ್ತದೆ. ಈ ಔಷಧಿ ಗಂಟೆಯ ಮೇಲಿಟ್ಟ ಬೆರಳನ್ನು ತೆಗೆಯುವುದೇ ಇಲ್ಲ, ಮೊದಮೊದಲು ಓಡೋಡಿ ಬಂದ ಗ್ರಂಥಿ ಆಮೇಲೆ ಕಿವುಡಾಗುತ್ತದೆ ಎಂದು ಅವರು ವಿವರಿಸಿದರು. ನಿಲ್ಲಿಸುವುದಕ್ಕೆ ಸ್ವಿಚ್ಚನ್ನು ಒತ್ತಿಯೇ ಇಡುವ ವಿದ್ಯೆ ಮೆಕ್ಯಾನಿಕ್ಕನ ತಲೆಗೆ ಹತ್ತಲಿಲ್ಲ. ಸೆಕೆಯ ವಿಷಯಕ್ಕೆ ಅವರು ಬರುವ ಹೊತ್ತಿಗೆ ಆತ ಅವರ ನೆತ್ತಿಯ ಮೇಲಿನ ಫ್ಯಾನು ಕಿರುಗುಟ್ಟುವುದಕ್ಕೆ ಕಿವಿಗೊಟ್ಟಿದ್ದ.

ಎರಡನೆಯ ಇಂಜೆಕ್ಷನ್ನಿನ ಹಿಂದಿನ ದಿನ ಆತ ನಾಲ್ಕನೆಯ ಸಲ ಸ್ಟೂಲು ಹತ್ತಿದಾಗ ಕೆಳಗೆ ಹಿಡಿದುಕೊಂಡಿದ್ದ ಹೆಂಡತಿಗೆ ಸಾಕಾಯಿತು.

"ಫ್ಯಾನ್ ಬಿಡ್ರೀ, ಇದು ಇಂಜೆಕ್ಷನ್ ಕೆಲಸ. ಮುಟ್ಟು ನಿಂತಾಗ ನಂಗೂ ಹೀಗೇ ಉರೀತಿತ್ತು. ಹಾರ್ಮೋನ್ ಇಳಿದ್ರೆ ತಲೆಯೊಳಗಿನ ರೆಗ್ಯುಲೇಟರ್ ದಿಕ್ಕು ತಪ್ಪುತ್ತೆ."

"ಆಗಲೇ ಹೇಳ್ಬಾರ್ದಿತ್ತಾ?"

"ಹೇಳಿದ್ದೆ. ನೀವು ಬೇರಿಂಗ್ ಬದಲಾಯಿಸಿದ್ರಿ."

ಆತ ಸ್ಟೂಲಿನಿಂದ ಇಳಿದು ಅದರ ಮೇಲೇ ಕೂತ. ಹಾಗಿದ್ದರೆ ನಾಳೆ ಆಸ್ಪತ್ರೆಗೆ ಬರುವುದೇ ಇಲ್ಲ ಎಂದುಬಿಟ್ಟ. ಸೆಕೆಗೂ ಡಾಕ್ಟರಮ್ಮನ ಹತ್ತಿರ ಮದ್ದಿದೆ, ಗಡ್ಡೆಗೆ ಮತ್ತೆ ಊಟ ಹಾಕುವುದು ಬೇಡ ಎಂದು ಆಕೆ ತಿಳಿಹೇಳಿದಳು. ಆತ ಸ್ಕ್ರೂಡ್ರೈವರನ್ನು ಬೆರಳಲ್ಲಿ ತಿರುಗಿಸುತ್ತಲೇ ಇದ್ದ.

"ಉರಿಯೋ ಗಂಡನ ಜೊತೆ ನಾನು ಏಗ್ತೀನಿ," ಎಂದಳು ಆಕೆ. "ಮೈ ತಣ್ಣಗಾದೋನ್ನ ಇಟ್ಕೊಂಡು ಏನ್ ಮಾಡ್ಲಿ?"

ಆತ ಸ್ಟೂಲಿನಿಂದ ಎದ್ದ.

"ಬರ್ತೀನಿ ಕಣೆ. ಸ್ಕ್ರೂಡ್ರೈವರೂ ತರ್ತೀನಿ. ಡಾಕ್ಟರಮ್ಮ ನನ್ನನ್ನ ಬಿಚ್ಚಲಿ, ನಾನು ಅವರ ಕಿರುಗುಟ್ಟೋ ಫ್ಯಾನ್ ಬಿಚ್ತೀನಿ. ಯಾವುದು ಮೊದಲು ಸರಿಯಾಗಿ ತಿರುಗುತ್ತೋ ನೋಡೇಬಿಡೋಣ."