ಇಬ್ಬರು ನಾಯರ್, ಒಂದು ಅಡ್ಡಹೆಸರು

2005ರ ಜುಲೈಯಲ್ಲಿ ಮೀನುಗಾರಿಕೆಯ ವಿಜ್ಞಾನಪತ್ರಿಕೆಯೊಂದರಲ್ಲಿ ಅಚ್ಚಾದ ಲೇಖನದ ಆಕರಪಟ್ಟಿಯಲ್ಲಿ ಒಂದು ಸಾಲು ತಪ್ಪಾಗಿತ್ತು. ಲೀಲಾ ನಾಯರ್ ಅವರ ಸಿಗಡಿ ಮರಿಗಳ ಪ್ರಬಂಧ ಇರಬೇಕಾದಲ್ಲಿ ಇನ್ನೊಬ್ಬ ನಾಯರ್ ಅವರ ಬೂತಾಯಿ ಮೀನಿನ ಪ್ರಬಂಧ ಕುಳಿತಿತ್ತು. ಕೂರಿಸಿದವನು ನಾನು.

ಇಂದು ಬೆಳಗ್ಗೆ ನಾನೀಗ ಕೆಲಸ ಮಾಡುವ ಪತ್ರಿಕೆಗೆ ತಿದ್ದುಪಡಿಯೊಂದನ್ನು ಬರೆಯುವಾಗ ಇದು ನೆನಪಾಯಿತು. ನೋಡಿ, ‘ವಿಷಾದಿಸುತ್ತೇವೆ’ ಎಂದು ಬರೆಯುವುದು ಎಷ್ಟು ಸುಲಭ! ಬಹುವಚನದ ಹಿಂದೆ ಯಾರು ಬೇಕಾದರೂ ಅಡಗಬಹುದು.

ಆಗ ನಾನು ತಿರುವನಂತಪುರದ ಉಳ್ಳೂರಿನಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಅಕ್ಷರಜೋಡಣೆಯ ಕಚೇರಿಯಲ್ಲಿದ್ದೆ. ವಿಜ್ಞಾನಿಗಳ ಲೇಖನಗಳನ್ನು ಲೇಟೆಕ್ ತಂತ್ರಾಂಶದಲ್ಲಿ ಪುಟ ಕಟ್ಟುವ ಕೆಲಸ. ಪ್ರತಿ ಆಕರಕ್ಕೂ ಒಂದು ಅಡ್ಡಹೆಸರು ಕೊಡಬೇಕು: ಲೇಖಕರ ಹೆಸರಿನ ಕೊನೆಯ ಪದ, ಪಕ್ಕದಲ್ಲಿ ವರ್ಷ. ಪಠ್ಯದಲ್ಲಿ ಆ ಅಡ್ಡಹೆಸರು ಕರೆದರೆ ಸಾಕು, ತಂತ್ರಾಂಶವೇ ಎಲ್ಲರನ್ನೂ ಕೊನೆಯಲ್ಲಿ ಸಾಲಾಗಿ ನಿಲ್ಲಿಸಿ ಅಂಕಿ ಹಚ್ಚುತ್ತದೆ. ಮತ್ತೆ ಮತ್ತೆ ಬರುವ ಆಕರಗಳನ್ನು ಹೊಸದಾಗಿ ಹೊಡೆಯುವ ಶ್ರಮ ತಪ್ಪಲೆಂದು ಕಚೇರಿಗೆಲ್ಲ ಒಂದೇ ಕಡತ ಇಟ್ಟುಕೊಂಡಿದ್ದೆವು. ಈ ಪದ್ಧತಿ ಯಾವ ದೇಶದಲ್ಲಿ ಹುಟ್ಟಿತೋ ತಿಳಿಯದು. ಅಲ್ಲಿ ಒಂದೇ ಬೀದಿಯಲ್ಲಿ ಆರು ನಾಯರ್, ನಾಲ್ಕು ಪಿಳ್ಳೆ ಇರಲಿಲ್ಲ ಎಂಬುದಂತೂ ಖಚಿತ.

ಕಡತದಲ್ಲಿ ‘ನಾಯರ್ 1998’ ಮೊದಲೇ ಇತ್ತು. ನಾನು ನೋಡದೆ ಇನ್ನೊಂದು ‘ನಾಯರ್ 1998’ ಸೇರಿಸಿದೆ. ಈ ಅಡ್ಡಹೆಸರು ಎರಡು ಸಲ ಬಂದಿದೆ ಎಂದು ತಂತ್ರಾಂಶ ಎಚ್ಚರಿಸಿತು. ಹಳಬನನ್ನು ಇಟ್ಟುಕೊಂಡು ಹೊಸಬಳನ್ನು ಬಿಟ್ಟಿತು. ಸಿಗರೇಟ್ ಪ್ಯಾಕಿನ ಮೇಲಿನ ಎಚ್ಚರಿಕೆಯನ್ನು ಓದುವಂತೆ ಅದನ್ನು ಓದಿ ಮುಂದೆ ಹೋದೆ. ಕಚೇರಿಯಲ್ಲಿ ಎಲ್ಲರಿಗಿಂತ ವೇಗದ ಕೆಲಸಗಾರ ನಾನು. ಕೇಳದವರಿಗೂ ಇದನ್ನು ಹೇಳಿದ್ದೆ.

ಪ್ರೂಫ್ ನೋಡುತ್ತಿದ್ದವರು ಕಾಸರಗೋಡಿನ ವನಜಕ್ಕ. ಅಲ್ಲಿ ನನ್ನೊಡನೆ ಕನ್ನಡ ಆಡುತ್ತಿದ್ದವರು ಅವರೊಬ್ಬರೇ. ಮನೆಯಲ್ಲಿ ಮಗನಿಗೆ ಕನ್ನಡದಲ್ಲಿ ಬೈದರೆ ಅವನು ಮಲಯಾಳದಲ್ಲಿ ಜಗಳಕ್ಕೆ ಬರುತ್ತಾನೆ, ಹಾಗಾಗಿ ಬೈಗುಳವೆಲ್ಲ ನಿನಗೇ ಎನ್ನುತ್ತಿದ್ದರು.

ಆಗಸ್ಟ್‌ನ ಒಂದು ಶುಕ್ರವಾರ ಮಧ್ಯಾಹ್ನ ಲೀಲಾ ನಾಯರ್ ಕೊಚ್ಚಿಯಿಂದ ರೈಲಿನಲ್ಲಿ ಬಂದರು. ಪ್ರಯೋಗಾಲಯವೊಂದರಲ್ಲಿ ಹನ್ನೊಂದು ವರ್ಷದಿಂದ ತಾತ್ಕಾಲಿಕ ನೌಕರಿ. ಲೇಖನದ ಕರ್ತೃವೇ ನಮ್ಮ ವಿಳಾಸ ಕೊಟ್ಟಿದ್ದರು.

“ಕಾಯಂ ಹುದ್ದೆಗೆ ಸೋಮವಾರ ಇಂಟರ್‌ವ್ಯೂ,” ಎಂದರು ಮಲಯಾಳದಲ್ಲಿ. “ಈ ಲೇಖನದಲ್ಲಿ ನನ್ನ ಕೆಲಸ ಬಳಸಿದ್ದಾರೆ ಅಂತ ಅರ್ಜಿಯಲ್ಲಿ ಬರೆದಿದ್ದೇನೆ. ತೆರೆದು ನೋಡಿದರೆ ಬೂತಾಯಿ! ನನ್ನನ್ನು ಸುಳ್ಳಿ ಅನ್ನುವುದಿಲ್ಲವಾ? ತಪ್ಪು ನಿಮ್ಮದೆಂದು ಒಂದು ಪತ್ರ ಕೊಡಿ, ಸಾಕು.”

“ನಾವು ಪ್ರಕಾಶಕರ ಜೊತೆ ಮಾತ್ರ ಮಾತಾಡೋದು ಚೇಚಿ,” ಎಂದರು ಮ್ಯಾನೇಜರ್, ಮಲಯಾಳದ ‘ಅಕ್ಕ’ ಸೇರಿಸಿ. “ತಿದ್ದುಪಡಿ ಅಕ್ಟೋಬರ್ ಸಂಚಿಕೆಯಲ್ಲಿ ಬರ್ತದೆ.” ಅಷ್ಟು ಹೇಳಿ ಊಟಕ್ಕೆ ಹೋದರು. ತಪ್ಪನ್ನು ಹೊರಗಿನವರಿಗೆ ಬರೆದುಕೊಡಬಾರದು ಎಂಬುದು ಕಚೇರಿಯ ನಿಯಮ.

ವನಜಕ್ಕ ಕನ್ನಡಕ್ಕೆ ತಿರುಗಿದರು. “ಎಂಥ ಮಾರಾಯ, ಕಂಬದ ಹಾಗೆ ನಿಂತಿದ್ದೀ? ನಿನ್ನ ಸ್ಪೀಡು ಎಲ್ಲಿ ಹೋಯ್ತು ಈಗ?”

“ಬರೆದುಕೊಟ್ರೆ ಕೆಲಸ ಹೋದೀತಕ್ಕ.”

“ನಿಂದು ಹೋದ್ರೆ ಇನ್ನೊಂದು ಉಂಟು. ಅವರದ್ದು ಹನ್ನೊಂದು ವರ್ಷ.”

ಆರು ಸಾಲಿನ ಪತ್ರ. ಅದನ್ನೂ ಲೇಟೆಕ್‌ನಲ್ಲೇ ಬರೆದೆ, ಬೇರೆ ಯಾವುದೂ ಬರುತ್ತಿರಲಿಲ್ಲ. ಸಹಿ ಹಾಕಿದೆ. ವನಜಕ್ಕ ಪೆನ್ನು ಕಸಿದುಕೊಂಡು ಕೆಳಗೆ ತಮ್ಮ ಸಹಿಯನ್ನೂ ಹಾಕಿದರು.

“ನೀವ್ಯಾಕೆ ಅಕ್ಕ?”

“ಪ್ರೂಫ್ ನೋಡಿದ್ದು ನಾನಲ್ವಾ? ಕಾಸರಗೋಡಿನವಳಿಗೆ ಸಿಗಡಿಯೂ ಬೂತಾಯಿಯೂ ಒಂದೇ ಅಂತ ಊರಲ್ಲಿ ಗೊತ್ತಾದ್ರೆ ನನ್ನ ಮರ್ಯಾದೆ ಎಂಥ ಆಗ್ಬೇಕು?”

ಲೀಲಾ ಚೇಚಿಗೆ ಮಾತು ಅರ್ಥವಾಗಲಿಲ್ಲ. ಎರಡು ಸಹಿಗಳನ್ನು ನೋಡಿದರು, ಪತ್ರವನ್ನು ಫೈಲಿಗೆ ಸೇರಿಸಿ ಮೂರೂವರೆಯ ರೈಲಿಗೆ ಹೊರಟರು.

ಕೆಲಸ ಹೋಗಲಿಲ್ಲ. ಇಬ್ಬರಿಗೂ ಮೆಮೊ ಬಂತು. ಡಿಸೆಂಬರ್‌ನಲ್ಲಿ ನಾನೇ ಬಿಟ್ಟು ಕೊಚ್ಚಿಯ ಪತ್ರಿಕೆಯೊಂದಕ್ಕೆ ಸೇರಿದೆ.

ಇಂದು ಬೆಳಗಿನ ತಿದ್ದುಪಡಿಯನ್ನು ಅಳಿಸಿ ಮತ್ತೆ ಬರೆದೆ: ಏನು ತಪ್ಪಾಯಿತು, ಯಾರಿಂದ. ಆಮೇಲೆ, ಲೀಲಾ ಚೇಚಿಯ ಸಂಪರ್ಕ ಇಟ್ಟುಕೊಂಡಿದ್ದ ವನಜಕ್ಕನಿಗೆ ಫೋನ್ ಮಾಡಿ ಅವರ ಸುದ್ದಿ ಕೇಳಿದೆ. ಆ ಸೋಮವಾರ ಅವರು ಆಯ್ಕೆಯಾಗಲಿಲ್ಲ. ಮರುವರ್ಷ ಇನ್ನೊಮ್ಮೆ ಅರ್ಜಿ ಹಾಕಿದರು; ಅಷ್ಟರಲ್ಲಿ ಅಚ್ಚಾಗಿದ್ದ ತಿದ್ದುಪಡಿಯ ಪ್ರತಿಯನ್ನು ಲಗತ್ತಿಸಿದ್ದರು. ಕಾಯಂ ಹುದ್ದೆ ಸಿಕ್ಕಿತು. ಈಗ ಸಿಗಡಿ ವಿಭಾಗ ಅವರದೇ.