ಬೋಣಿಗೆ ಹೋದ ಪುಸ್ತಕ

ಅವನಿಗೆ ನಾನು ಮಾಡಿದ್ದು ಸರಿಯೇ ಎಂದು ಈಗಲೂ ಹೇಳುತ್ತೇನೆ. ಯಾರಾದರೂ "ಪಾಪ, ಅಷ್ಟು ಜನರ ಎದುರು..." ಎಂದು ರಾಗ ಎಳೆದರೆ ಇನ್ನೂ ಮೈ ಉರಿಯುತ್ತದೆ. ಪಾಪ ಎನ್ನಬೇಕಾದ್ದು ಯಾರಿಗೆ ಎಂದು ತಿಳಿಯಬೇಕಾದರೆ ಕಥೆಯನ್ನು ಮೊದಲಿನಿಂದ ಹೇಳಬೇಕು.

ಉಪ್ಪಳದ ಪೇಟೆಯಲ್ಲಿ, ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ನನ್ನ ಅಂಗಡಿ ಇದೆ. ಮೇಜಿನ ಸುತ್ತ ಕೂತು ಆಡುವ ಪಾತ್ರದ ಆಟಗಳನ್ನು ಮಾರುತ್ತೇನೆ. ಒಬ್ಬರು ಕಥೆ ನಡೆಸುತ್ತಾರೆ, ಉಳಿದವರು ಕಳ್ಳನೋ ಸೇನಾಪತಿಯೋ ಆಗಿ ಮಾತಾಡುತ್ತಾರೆ. ಕಳ್ಳ ಬೀಗ ತೆರೆದನೋ ಸಿಕ್ಕಿಬಿದ್ದನೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ತಾಳಮದ್ದಳೆ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಇದನ್ನು ವಿವರಿಸಲು ಐದು ನಿಮಿಷ ಸಾಕು. ವೇಷ ಹಾಕದೆ ಕೂತಲ್ಲೇ ಪಾತ್ರವಾಗಿ ಮಾತಾಡುವುದು ನಮಗೆ ಹೊಸದಲ್ಲ, ದಾಳ ಮಾತ್ರ ಹೊಸದು.

ಈ ವ್ಯಾಪಾರದ ಕಷ್ಟವೆಲ್ಲ ಸ್ಟಾಕಿನದ್ದು. ಬೇಕಾದ್ದು ಬರುವುದಿಲ್ಲ, ಬಂದದ್ದು ಹೋಗುವುದಿಲ್ಲ. ನನ್ನ ಮೇಲಿನ ಕಪಾಟಿನಲ್ಲಿ ಒಂದು ಇಂಗ್ಲಿಷ್ ಆಟದ ಎರಡನೆಯ ಭಾಗದ ಒಂಬತ್ತು ಪೆಟ್ಟಿಗೆಗಳು ಧೂಳು ತಿನ್ನುತ್ತಿವೆ. ಅದರ ಮೊದಲ ಭಾಗದ ಅಚ್ಚೇ ನಿಂತುಹೋಗಿದೆ, ಹಾಗಾಗಿ ಎರಡನೆಯದನ್ನು ಕೇಳುವವರಿಲ್ಲ. ಕನ್ನಡದಲ್ಲಿರುವುದು ಒಂದೇ ಒಂದು ನಿಯಮ ಪುಸ್ತಕ. ಅದನ್ನು ಅಚ್ಚು ಹಾಕುವವರು ವರ್ಷಕ್ಕೊಮ್ಮೆ ಹಾಕಿದರೆ ಹೆಚ್ಚು, ನನ್ನ ಪಾಲಿಗೆ ಐದಾರು ಪ್ರತಿ ಬರುತ್ತದೆ.

ಆ ಒಂಬತ್ತು ಪೆಟ್ಟಿಗೆಗಳನ್ನು ನನ್ನಿಂದ ತರಿಸಿದ್ದು ಮೊದಲಿಗೆ ಹೇಳಿದೆನಲ್ಲ, ಅವನೇ. ಆಗ ಅವನು ಭಾನುವಾರ ನನ್ನ ಮೇಜಿಗೆ ಆಡಲು ಬರುತ್ತಿದ್ದ, ತಮ್ಮನ ಹಾಗೆ ಅಂಗಡಿಯ ಒಳಹೊರಗೆ ಓಡಾಡುತ್ತಿದ್ದ. "ಕಣ್ಣುಮುಚ್ಚಿ ತರಿಸಿ ಅಕ್ಕ, ವಾರದಲ್ಲಿ ಖಾಲಿ ಆಗ್ತದೆ" ಎಂದ. ನಾನು ನಂಬಿದೆ. ಎಲ್ಲಿಂದ ಮಾಲು ಬರುತ್ತದೆ, ಯಾವುದಕ್ಕೆ ಗಿರಾಕಿ ಹೆಚ್ಚು ಎಂಬುದನ್ನೆಲ್ಲ ನನ್ನಲ್ಲಿ ಕಲಿತು, ಕಾಸರಗೋಡು ಪೇಟೆಯಲ್ಲಿ ತನ್ನದೇ ಅಂಗಡಿ ಇಟ್ಟ. ಅದಕ್ಕೆ ನನಗೆ ಸಿಟ್ಟಿಲ್ಲ. ಹೊಟ್ಟೆಪಾಡು ಎಲ್ಲರಿಗೂ ಇದೆ.

ನನ್ನ ಅಮ್ಮನದು ಬಳೆ ಅಂಗಡಿ. ದಿನದ ಮೊದಲ ಗಿರಾಕಿಯನ್ನು ಅವರು ಒಂದು ದಿನವೂ ಬರಿಗೈಯಲ್ಲಿ ಕಳಿಸಿದ್ದಿಲ್ಲ. ಇರುವ ಮಾಲನ್ನು ಬೋಣಿಯ ಹೊತ್ತಿಗೆ ಇಲ್ಲ ಎಂದರೆ ಅಂದಿನ ದಿನ ಕೆಟ್ಟಿತು ಎಂದೇ ಅವರ ಲೆಕ್ಕ. ಒಮ್ಮೆ ನನಗೆಂದು ಎತ್ತಿಟ್ಟಿದ್ದ ಹಸಿರು ಬಳೆಗಳನ್ನೂ ಬೋಣಿ ಗಿರಾಕಿಗೆ ಕೊಟ್ಟು, ನಾನು ಅಳುವುದನ್ನು ನೋಡುತ್ತಾ ಕೂತಿದ್ದರು. ಅಮ್ಮ ಹೋದ ಮೇಲೆ ನಾನೂ ಅದನ್ನೇ ಪಾಲಿಸಿಕೊಂಡು ಬಂದೆ. ಮೂರ್ಖತನ ಎನ್ನುವವರು ಎನ್ನಲಿ, ಅಮ್ಮನಿಂದ ನನಗೆ ಉಳಿದದ್ದು ಇದೊಂದೇ.

ವರ್ಕಾಡಿಯಿಂದ ಒಬ್ಬರು ಹೆಂಗಸು ಆಡಲು ಬರುತ್ತಾರೆ. ಬೀಡಿ ಕಟ್ಟುವವರು, ನನಗಿಂತ ಹಿರಿಯರು. ಅವರ ಮಗಳಿಗೆ ನಾನು ಹಿಂದೆ ಟ್ಯೂಷನ್ ಕೊಟ್ಟಿದ್ದರಿಂದ ನನ್ನನ್ನು ಇನ್ನೂ ಟೀಚರ್ ಎಂದೇ ಕರೆಯುತ್ತಾರೆ. ನಮ್ಮ ಮೇಜಿನಲ್ಲಿ ಅವರದು ಕಳ್ಳನ ಪಾತ್ರ. ಅರಮನೆಯ ಕಾವಲುಗಾರನನ್ನು ಮಾತಿನಲ್ಲೇ ಮರುಳು ಮಾಡಿ ಬೀಗದ ಕೈ ಎಗರಿಸಿದ ದಿನ ನಾವೆಲ್ಲ ನಕ್ಕು ಸುಸ್ತಾಗಿದ್ದೆವು. ತಮ್ಮ ಜೊತೆ ಬೀಡಿ ಕಟ್ಟುವ ಐವರನ್ನು ಕೂರಿಸಿಕೊಂಡು ತಾವೇ ಕಥೆ ನಡೆಸಬೇಕೆಂಬುದು ಅವರ ಆಸೆ. ಅವರಿಗೆ ಓದಲು ಬರುವುದು ಕನ್ನಡ ಮಾತ್ರ. ಆ ಪುಸ್ತಕಕ್ಕಾಗಿ ಒಂದು ವರ್ಷ ಕಾದಿದ್ದರು.

ಕಳೆದ ವರ್ಷ ಆರು ಪ್ರತಿ ಬಂತು. ಒಂದರೊಳಗೆ "ವರ್ಕಾಡಿಗೆ" ಎಂದು ಚೀಟಿ ಬರೆದಿಟ್ಟು, ಅವರಿಗೆ ಫೋನ್ ಮಾಡಿದೆ. ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವಾಗ ಅವನು ಮೆಟ್ಟಿಲ ಮೇಲೆ ಕೂತಿದ್ದ.

"ಕನ್ನಡದ ಪುಸ್ತಕ ಎಷ್ಟು ಬಂತು ಅಕ್ಕ?"

"ಆರು."

"ಆರೂ ಕೊಡಿ."

"ಒಂದು ಬೇರೆಯವರಿಗೆ ಇಟ್ಟದ್ದು ಮಾರಾಯ. ಐದು ತಗೊಂಡು ಹೋಗು."

ಅವನು ಚೀಟಿ ಇಣುಕುತ್ತಿದ್ದ ಪುಸ್ತಕವನ್ನೇ ಕೈಗೆತ್ತಿಕೊಂಡ. "ಬೋಣಿ ಗಿರಾಕಿಗೆ ಇಲ್ಲ ಹೇಳುದಾ? ನಿಮ್ಮ ಅಮ್ಮ ಇದ್ದಿದ್ರೆ ಎಂತ ಹೇಳ್ತಿದ್ರು?" ಎಂದು ನಕ್ಕ. "ವರ್ಕಾಡಿಯವರಿಗೆ ಮುಂದಿನ ಸಲ ಕೊಡುವ."

ಸತ್ತ ಅಮ್ಮನನ್ನು ಎಳೆದು ತಂದು ನನ್ನ ಎದುರು ನಿಲ್ಲಿಸಿಬಿಟ್ಟ. ನಾನು ಕೊಟ್ಟೆ.

ಮಧ್ಯಾಹ್ನದ ಬಸ್ಸಿಗೆ ಅವರು ಬಂದರು. ಪುಸ್ತಕಕ್ಕೆ ಹೊದಿಸಲೆಂದು ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಸುರುಳಿ ಸುತ್ತಿ ತಂದಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಇರಲಿ ಟೀಚರ್, ಎಂತ ಮಾಡುದು" ಎಂದು ಹಾಳೆಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು. ಅಂದೇ ನಿಶ್ಚಯ ಮಾಡಿದೆ, ಇವನನ್ನು ಸುಮ್ಮನೆ ಬಿಡುವುದಿಲ್ಲ.

ಕಾದೆ. ಎಂಟು ತಿಂಗಳು ಹಲ್ಲು ಕಚ್ಚಿಕೊಂಡು ಕಾದೆ. ಅಷ್ಟರಲ್ಲಿ ಅವನು ಅಂಗಡಿಯನ್ನು ದೊಡ್ಡ ಜಾಗಕ್ಕೆ ಬದಲಾಯಿಸುವ ಸುದ್ದಿ ಬಂತು. ಭಾನುವಾರ ಒಂಬತ್ತಕ್ಕೆ ಉದ್ಘಾಟನೆ, ಹತ್ತಕ್ಕೆ ಕನ್ನಡದಲ್ಲಿ ಆಟ ಎಂದು ಊರಿಡೀ ಹೇಳಿಕೊಂಡಿದ್ದ. ನನ್ನ ಫೋನಿಗೂ ಆಮಂತ್ರಣ ಬಂತು. "ನಮ್ಮಲ್ಲಿ ಮೊದಲ ಗಿರಾಕಿಗೆ ಇಲ್ಲ ಎನ್ನುವ ಮಾತೇ ಇಲ್ಲ" ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದ್ದ. ಪುಸ್ತಕ ಒಯ್ದದ್ದು ಸಾಲದೆ ನನ್ನ ಅಮ್ಮನ ಪದ್ಧತಿಯನ್ನೂ ಕದ್ದು ಜಾಹೀರಾತು ಮಾಡಿಕೊಂಡಿದ್ದ. ಸಿಟ್ಟಿನ ನಡುವೆಯೇ ನನಗೆ ದಾರಿ ಹೊಳೆಯಿತು. ವರ್ಕಾಡಿಗೆ ಫೋನ್ ಮಾಡಿದೆ.

ಉದ್ಘಾಟನೆಗೆ ಒಬ್ಬರು ನಿವೃತ್ತ ಹೆಡ್‌ಮಾಸ್ಟರು ಬಂದಿದ್ದರು. ಬಾಗಿಲ ಮೇಲೆ ಅದೇ ಮಾತು ಬರೆಸಿ ಕಟ್ಟಿದ್ದ ಬ್ಯಾನರನ್ನು ಗಟ್ಟಿಯಾಗಿ ಓದಿ, ಇಂಥ ಸಂಸ್ಕಾರ ಈಗಿನವರಲ್ಲಿ ಎಲ್ಲುಂಟು ಎಂದು ಹೊಗಳಿದರು. ಸುತ್ತ ಜನ ಮೊಬೈಲ್ ಹಿಡಿದುಕೊಂಡಿದ್ದರು. ಟೇಪು ಕತ್ತರಿಸಿದ್ದೇ ತಡ, ನಾನು ವರ್ಕಾಡಿಯವರ ಬೆನ್ನಿಗೆ ಕೈಯಿಟ್ಟು ಒಳಗೆ ನೂಕಿದೆ. ಅವರು ನೇರ ಗಾಜಿನ ಕಪಾಟಿನ ಎದುರು ಹೋಗಿ ನಿಂತರು.

"ಈ ಕನ್ನಡ ಪುಸ್ತಕ ಆರೂ ಬೇಕು ಮಗಾ. ನಾವು ಆರು ಜನ ಉಂಟು."

ಅವನು ನನ್ನನ್ನು ನೋಡಿದ, ಆಮೇಲೆ ಅವರ ಕಡೆ ತಿರುಗಿದ. "ಅದು ಹತ್ತು ಗಂಟೆಯ ಆಟಕ್ಕೆ ಇಟ್ಟದ್ದು ಅಕ್ಕ. ಬೇರೆ ಎಂತಾದ್ರೂ ತೋರಿಸ್ತೇನೆ."

"ಬೆಲೆಯ ಚೀಟಿ ಉಂಟಲ್ಲ ಅದರ ಮೇಲೆ?" ಎಂದರು ಅವರು.

ಹೆಡ್‌ಮಾಸ್ಟರು ಕನ್ನಡಕ ಸರಿಮಾಡಿಕೊಂಡರು. "ಬ್ಯಾನರಿನಲ್ಲಿ ಎಂತ ಬರೆಸಿದ್ದು ಮಾರಾಯ ನೀನು?"

ಅವನು ಕೊಟ್ಟ. ಒಂದೊಂದಾಗಿ ಆರೂ ತೆಗೆದು ಕೊಟ್ಟ. ನಾಲ್ಕನೆಯದನ್ನು ಅವರು ತೆರೆದಾಗ ಒಳಗಿನಿಂದ ಒಂದು ಚೀಟಿ ಕೆಳಗೆ ಬಿತ್ತು. "ವರ್ಕಾಡಿಗೆ", ನನ್ನದೇ ಅಕ್ಷರ. ಎಂಟು ತಿಂಗಳಿನಿಂದ ಅವನು ಅದನ್ನು ಮಾರಲೂ ಇಲ್ಲ, ಬಿಡಿಸಿ ನೋಡಲೂ ಇಲ್ಲ. ನನ್ನ ಅಂಗಡಿಯಲ್ಲಿ ಇರಬಾರದು ಎಂಬ ಒಂದೇ ಕಾರಣಕ್ಕೆ ಒಯ್ದಿದ್ದ. ಅವರು ಬಗ್ಗಿ ಚೀಟಿಯನ್ನು ಎತ್ತಿ, ಒರೆಸಿ, ಅದೇ ಪುಸ್ತಕದೊಳಗೆ ಇಟ್ಟುಕೊಂಡರು.

"ಅಕ್ಕ, ಒಂದಾದರೂ ಬಿಡಿ" ಎಂದ ಅವನು ನನ್ನ ಹತ್ತಿರ ಬಂದು, ಮೆಲ್ಲಗೆ.

"ನಿನಗೆ ಮುಂದಿನ ಸಲ ಕೊಡುವ" ಎಂದೆ. ಮೆಲ್ಲಗೆ ಹೇಳಲಿಲ್ಲ. ಅದನ್ನು ಹೇಳುವಾಗ ಆದ ಸುಖವನ್ನು ಮುಚ್ಚಿಡುವುದಿಲ್ಲ.

ಹತ್ತು ಗಂಟೆಗೆ ಬಂದವರಿಗೆ ಅವನು ಚಹಾ ಕೊಟ್ಟು ಕಳಿಸಿದನಂತೆ. ಅದೇ ಹೊತ್ತಿಗೆ ನಾವು ಬಸ್ಸಿನಲ್ಲಿದ್ದೆವು. ಇಳಿಯುವ ಮೊದಲು ಅವರು, "ನಮಗೆ ಐದು ಸಾಕು, ಒಂದು ನಿಮ್ಮ ಅಂಗಡಿಯಲ್ಲಿ ಇರಲಿ ಟೀಚರ್" ಎಂದು ಒಂದು ಪುಸ್ತಕವನ್ನು ನನ್ನ ಮಡಿಲಲ್ಲಿಟ್ಟರು. ಮರುದಿನ ಬೆಳಿಗ್ಗೆ ಬೇಗ ಬಂದು ದಾಳ ತೆಗೆದುಕೊಂಡು ಹೋಗಿ ಎಂದು ನಾನು ಅವರಿಗೆ ಹೇಳಿದೆ. ಅವನು ಬಂದೇ ಬರುತ್ತಾನೆ ಎಂದು ನನಗೆ ಗೊತ್ತಿತ್ತು.

ಬಂದ. ಶಟರ್ ಎತ್ತುವಾಗ ಇಬ್ಬರೂ ಇದ್ದರು, ಅವರು ಮೇಲಿನ ಮೆಟ್ಟಿಲಲ್ಲಿ, ಅವನು ಕೆಳಗಿನದ್ದರಲ್ಲಿ. ಅವರು ಒಳಗೆ ಬಂದು ಆರು ದಾಳಗಳನ್ನು ಒಂದೊಂದಾಗಿ ಉರುಳಿಸಿ ನೋಡಿ ಆರಿಸಿಕೊಂಡರು. ಬೋಣಿ ಆಯಿತು. ಆಮೇಲೆ ಅವನ ಕಡೆ ತಿರುಗಿದೆ. ಅವನ ಕಣ್ಣು ನನ್ನ ಬೆನ್ನ ಹಿಂದಿನ ಪುಸ್ತಕದ ಮೇಲಿತ್ತು.

"ಅದೊಂದು ಕೊಡಿ ಅಕ್ಕ. ಜನ ಬೈತಾ ಇದ್ದಾರೆ."

"ಇಲ್ಲ" ಎಂದೆ.

"ಅಲ್ಲೇ ಉಂಟಲ್ಲ!"

"ಉಂಟು. ನಿನಗೆ ಇಲ್ಲ." ಮೇಲಿನ ಕಪಾಟು ತೋರಿಸಿದೆ. "ಎರಡನೆಯ ಭಾಗ ಬೇಕಾದರೆ ತಗೊ, ಒಂಬತ್ತೂ ಹಾಗೇ ಉಂಟು."